ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವವರ ಸೋಲಾರ್ ಬ್ಯಾಟರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹೊಸನಗರ ತಾಲೂಕಿನ ಕಾಡಂಚಿನಲ್ಲಿದೆ. ಲಿಂಗನಮಕ್ಕಿ ಹಿನ್ನೀರು ನಮಗೆ ದೂರವಲ್ಲ, ಕರೆಂಟು ಮಾತ್ರ ದೂರ. ಲೈನ್ ಕಂಬ ನಮ್ಮ ಗೇಟಿನ ತನಕ ಬಂದಿಲ್ಲ. ಹಾಗಾಗಿ ಮನೆ ನಡೆಯುವುದು ಪೂರ್ತಿ ಸೋಲಾರಿನ ಮೇಲೆ. 335 ವ್ಯಾಟಿನ ನಾಲ್ಕು ಪ್ಯಾನೆಲ್, 150 ಆಂಪಿಯರ್ ಅವರಿನ ನಾಲ್ಕು ಟ್ಯೂಬುಲಾರ್ ಬ್ಯಾಟರಿ (ನೀರು ಹಾಕುವ ಥರದ ಆಸಿಡ್ ಬ್ಯಾಟರಿ), 24 ವೋಲ್ಟಿನ ಒಂದು ಇನ್ವರ್ಟರ್.

ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಕಾಲ ಇದು. ಮಗಳ ಬಾಣಂತನ ಅಂತ ಐದಾರು ತಿಂಗಳು ಮನೆಗೆ ಬೀಗ ಬೀಳುತ್ತದೆ. ಹೊರಡುವ ಹಿಂದಿನ ದಿನ ನನಗೊಂದು ಫೋನು: "ಈ ಬ್ಯಾಟರಿ ಏನು ಮಾಡೋದು ಮಾರಾಯ್ರೇ?" ಒಮ್ಮೆ ನನ್ನ ಬ್ಯಾಟರಿಗಳನ್ನು ನಾನೇ ಕೊಂದಿದ್ದೇನೆ. ಆ ಅರ್ಹತೆಯ ಮೇಲೆ ಇಲ್ಲಿ ಬರೆದಿಡುತ್ತಿದ್ದೇನೆ.

ಎಷ್ಟು ದಿನ ಹೋಗುವುದಾದರೆ ಇಷ್ಟೆಲ್ಲ ತಯಾರಿ ಬೇಕು?

ಒಂದು ವಾರಕ್ಕೆ ಏನೂ ಬೇಡ. ಇನ್ವರ್ಟರ್ ಆಫ್ ಮಾಡಿ ಹೋಗಿ. ಇಪ್ಪತ್ತು ದಿನ, ಒಂದು ತಿಂಗಳು ಅಂದರೆ ನೀರು ನೋಡಿ, ಚಾರ್ಜ್ ತುಂಬಿದೆಯಾ ಅಂತ ಖಚಿತ ಮಾಡಿಕೊಂಡು ಹೋಗಿ. ಅದಕ್ಕಿಂತ ಜಾಸ್ತಿಯಾದರೆ, ಅದೂ ಮಳೆಗಾಲ ನಡುವೆ ಬಂದರೆ, ಈ ಪುಟ ಪೂರ್ತಿ ಓದಿ.

ಯಾರೂ ಬಳಸದಿದ್ದರೆ ಬ್ಯಾಟರಿ ಹಾಳಾಗುವುದಾದರೂ ಯಾಕೆ? ಸುಮ್ನೆ ಕೂತಿರುತ್ತದೆ ಅಲ್ವಾ?

ಸುಮ್ನೆ ಕೂತಿರುವುದಿಲ್ಲ. ಒಂದೂ ವೈರ್ ಇಲ್ಲದೆ ಬಿಚ್ಚಿಟ್ಟರೂ ಆಸಿಡ್ ಬ್ಯಾಟರಿ ಒಳಗಿಂದೊಳಗೇ ಖಾಲಿಯಾಗುತ್ತಾ ಹೋಗುತ್ತದೆ. ಹೊಸ ಟ್ಯೂಬುಲಾರ್ ಆದರೆ ತಿಂಗಳಿಗೆ 3ರಿಂದ 5 ಪರ್ಸೆಂಟ್. ಹಳೆಯದಾದರೆ ಇನ್ನೂ ಜಾಸ್ತಿ. ಸೆಕೆ ಇದ್ದಷ್ಟೂ ವೇಗ ಹೆಚ್ಚು. ತಾಪ 10 ಡಿಗ್ರಿ ಏರಿದರೆ ಈ ಸೋರಿಕೆ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಮಲೆನಾಡಿನ ತಂಪು ಕೋಣೆಯಲ್ಲಿ ನಡೆಯುವ ಲೆಕ್ಕ ರಾಯಚೂರಿನ ತಗಡಿನ ಶೆಡ್ಡಿನಲ್ಲಿ ನಡೆಯುವುದಿಲ್ಲ.

ಖಾಲಿಯಾಗುವುದೇ ದೊಡ್ಡ ತೊಂದರೆಯಲ್ಲ. ಖಾಲಿಯಾಗಿ ಹಾಗೇ ಬಿದ್ದಿರುವುದು ತೊಂದರೆ. ಬ್ಯಾಟರಿ ಖಾಲಿಯಾಗುವಾಗ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಅವತ್ತೇ, ಮರುದಿನವೇ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಆಸಿಡ್ಡಿಗೆ ಸೇರುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟುತ್ತದೆ. ಕಲ್ಲುಸಕ್ಕರೆ ಥರ ಗಟ್ಟಿ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಅಷ್ಟು ಜಾಗ ಹೋದಂತೆಯೇ. ಬ್ಯಾಟರಿ ಸಾಯುವುದು ಒಂಟಿಯಾಗಿ ಇದ್ದದ್ದಕ್ಕಲ್ಲ, ಹಸಿದುಕೊಂಡು ಇದ್ದದ್ದಕ್ಕೆ.

ನಿಮ್ಮದಕ್ಕೆ ಏನಾಗಿತ್ತು?

ಮೇ ತಿಂಗಳಲ್ಲಿ ಹೊರಟೆವು, ವಾಪಸ್ ಬಂದದ್ದು ನವರಾತ್ರಿಗೆ. ಫ್ರಿಜ್ ಖಾಲಿ ಮಾಡಿದ್ದೆವು, ಲೈಟೆಲ್ಲ ಆರಿಸಿದ್ದೆವು. ಇನ್ವರ್ಟರ್ ಮಾತ್ರ ಆನ್ ಇತ್ತು. ಲೋಡ್ ಏನೂ ಇಲ್ಲ, ಇದ್ದರೆ ಇರಲಿ ಅಂದುಕೊಂಡೆ.

ನಾವು ಹೋದ ಕೆಲವೇ ದಿನಕ್ಕೆ ಗುಡುಗು ಮಳೆ ಬಂದಿರಬೇಕು. ಪ್ಯಾನೆಲ್ ಕಡೆಯ ಎಂಸಿಬಿ, ಅಂದರೆ ತೊಂದರೆಯಾದರೆ ತಾನೇ ಇಳಿಯುವ ಸ್ವಿಚ್, ಟ್ರಿಪ್ ಆಗಿತ್ತು. ಅಂದರೆ ಚಾರ್ಜ್ ನಿಂತಿತು. ಇನ್ವರ್ಟರ್ ಮಾತ್ರ ಕುಡಿಯುತ್ತಲೇ ಇತ್ತು. ನಮ್ಮ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಸುಮ್ನೆ ಎಚ್ಚರವಾಗಿರುವುದಕ್ಕೆ 25 ವ್ಯಾಟ್ ತಿನ್ನುತ್ತದೆ. ದಿನಕ್ಕೆ 600 ವ್ಯಾಟ್ ಅವರ್. ನಾಲ್ಕೂ ಬ್ಯಾಟರಿ ಸೇರಿ ಹಿಡಿಯುವುದೇ 7200. ಹನ್ನೆರಡು ದಿನಕ್ಕೆ ಎಲ್ಲ ಮುಗಿಯಿತು. ಉಳಿದ ನಾಲ್ಕು ತಿಂಗಳು ಬ್ಯಾಟರಿ ಖಾಲಿ ಹೊಟ್ಟೆಯಲ್ಲಿ ಬಿದ್ದಿತ್ತು.

ಬಂದು ಮೀಟರ್ ಹಿಡಿದರೆ 24 ವೋಲ್ಟ್ ಇರಬೇಕಾದಲ್ಲಿ 14. ಗಾಬರಿಯಲ್ಲಿ ಎಂಸಿಬಿ ಎತ್ತಿದೆ. ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರಿನ ವೈರ್ ಬಿಚ್ಚಿ ಮತ್ತೆ ಹಾಕಿದೆ. ಹಸಿರು ದೀಪ ಬಂತು, "ಫುಲ್" ಅಂತ ತೋರಿಸಿತು! ಅದು 12 ಮತ್ತು 24 ವೋಲ್ಟನ್ನು ತಾನೇ ಗುರುತಿಸುವ ಥರದ್ದು. 14 ವೋಲ್ಟ್ ಕಂಡಾಗ ಇದು ತುಂಬಿದ 12 ವೋಲ್ಟಿನ ಬ್ಯಾಟರಿ ಅಂದುಕೊಂಡಿತು. ಚಾರ್ಜ್ ಕೊಡಲೇ ಇಲ್ಲ. ನನಗೆ ಇದು ಹೊಳೆಯುವಷ್ಟರಲ್ಲಿ ಇನ್ನೂ ಮೂರು ದಿನ ಕಳೆದಿತ್ತು.

ನಾಲ್ಕರಲ್ಲಿ ಎರಡು ಪೂರ್ತಿ ಸತ್ತವು, ಇನ್ನೆರಡು ಅರೆಜೀವ. ಹೊಸ ಸೆಟ್ಟಿಗೆ 50 ಸಾವಿರದ ಹತ್ತಿರ ಹೋಯಿತು.

ಅಂದರೆ ಇನ್ವರ್ಟರ್ ಆಫ್ ಮಾಡಲೇಬೇಕಾ? ಸಿಸಿಟಿವಿ ನಡೆಯಬೇಕಲ್ಲ?

ಆಫ್ ಮಾಡಲೇಬೇಕು. ಮುಂದಿನ ಬಟನ್ ಒತ್ತಿದರೆ ಸಾಲದು. ಎಷ್ಟೋ ಇನ್ವರ್ಟರುಗಳು ಬಟನ್ ಆಫ್ ಇದ್ದರೂ ಒಳಗೆ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ದಪ್ಪ ವೈರಿನಲ್ಲಿ ಬ್ರೇಕರ್ ಇದ್ದರೆ ಅದನ್ನು ಇಳಿಸಿ. ಇಲ್ಲದಿದ್ದರೆ ಸ್ಪ್ಯಾನರ್ ಹಿಡಿದು ಇನ್ವರ್ಟರಿನ ವೈರ್ ಬಿಚ್ಚಿ ಇನ್ಸುಲೇಷನ್ ಟೇಪ್ ಸುತ್ತಿಡಿ.

ಸಿಸಿಟಿವಿ, ರೌಟರ್ ಬೇಕೇ ಬೇಕು ಅನ್ನುವವರು ಅದಕ್ಕೊಂದು ಬೇರೆ ಚಿಕ್ಕ ಪ್ಯಾನೆಲ್, ಬೇರೆ ಚಿಕ್ಕ ಬ್ಯಾಟರಿ ಇಡಿ. ರೌಟರ್ ಒಂದೇ 10 ವ್ಯಾಟ್ ಎಳೆದರೂ ದಿನಕ್ಕೆ 240 ವ್ಯಾಟ್ ಅವರ್ ಆಯಿತು. ಅದು ಸತ್ತರೆ ಚಿಕ್ಕ ಬ್ಯಾಟರಿ ಸಾಯಲಿ. ಮನೆಯ ದೊಡ್ಡ ಬ್ಯಾಟರಿಗಳನ್ನು ಕ್ಯಾಮೆರಾಕ್ಕೆ ಬಲಿ ಕೊಡುವುದು ಬೇಡ.

ಪ್ಯಾನೆಲ್ ಕೂಡ ಬಿಚ್ಚಬೇಕಾ?

ಆಸಿಡ್ ಬ್ಯಾಟರಿ ಆದರೆ ಬಿಚ್ಚಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಬೀಗ ಹಾಕುವಾಗ ಎಲ್ಲ ಆಫ್ ಮಾಡುವುದು ನಮ್ಮ ಸ್ವಭಾವ. ಗ್ಯಾಸ್ ಆಫ್, ನೀರು ಆಫ್, ಅದೇ ಕೈಯಲ್ಲಿ ಪ್ಯಾನೆಲೂ ಆಫ್. ಆದರೆ ಬ್ಯಾಟರಿಗೆ ದಿನಾ ಒಂದು ತುತ್ತು ಬೇಕು. ಲೋಡ್ ಎಲ್ಲ ತೆಗೆಯಿರಿ. ಪ್ಯಾನೆಲ್, ಕಂಟ್ರೋಲರ್, ಬ್ಯಾಟರಿ ಮೂರು ಮಾತ್ರ ಒಂದಕ್ಕೊಂದು ಸೇರಿಕೊಂಡಿರಲಿ.

ಎಷ್ಟು ಪ್ಯಾನೆಲ್ ಬೇಕು ಅನ್ನುವುದು ಮುಂದಿನ ಪ್ರಶ್ನೆ. ನಾನೀಗ ನಾಲ್ಕರಲ್ಲಿ ಒಂದನ್ನು ಮಾತ್ರ ಬಿಟ್ಟು ಹೋಗುತ್ತೇನೆ. ಲೆಕ್ಕ ನೋಡಿ. 12 ವೋಲ್ಟಿನ ಎರಡೆರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುವುದರಿಂದ ನಮ್ಮ ಬ್ಯಾಟರಿ ಸೆಟ್ಟು 300 ಆಂಪಿಯರ್ ಅವರ್. ತಿಂಗಳಿಗೆ 5 ಪರ್ಸೆಂಟ್ ಸೋರಿದರೆ 15, ಅಂದರೆ ದಿನಕ್ಕೆ ಅರ್ಧ. ಒಂದು ಪ್ಯಾನೆಲ್ ಒಳ್ಳೆ ಬಿಸಿಲಿಗೆ 9 ಆಂಪಿಯರ್ ಹತ್ತಿರ ಕೊಡುತ್ತದೆ. ಆಷಾಢದ ಕಪ್ಪು ದಿನದಲ್ಲಿ ಇಡೀ ದಿನ ಸೇರಿ ಅರ್ಧ ಗಂಟೆಯ ಬಿಸಿಲಿನಷ್ಟು ಸಿಕ್ಕಿದರೂ ನಾಲ್ಕೂವರೆ ಆಂಪಿಯರ್ ಅವರ್ ಆಯಿತು. ಬೇಕಾದದ್ದಕ್ಕಿಂತ ಒಂಬತ್ತು ಪಟ್ಟು. ಕಂಟ್ರೋಲರ್ ತಿನ್ನುವ ಚೂರುಪಾರು ಕಳೆದರೂ ಮಿಗುತ್ತದೆ.

ನಾಲ್ಕನ್ನೂ ಬಿಟ್ಟರೆ ತಪ್ಪಾ? ಕಂಟ್ರೋಲರ್ ಸರಿ ಇದ್ದರೆ ತಪ್ಪಿಲ್ಲ, ಅದು ತಾನೇ ತಡೆಯುತ್ತದೆ. ಆದರೆ ಕಂಟ್ರೋಲರ್ ಒಳಗೆ ಶಾರ್ಟ್ ಆಗಿ ಕೆಟ್ಟರೆ ಪ್ಯಾನೆಲಿನ ಕರೆಂಟು ನೇರ ಬ್ಯಾಟರಿಗೆ ಹೋಗುತ್ತದೆ. ನಾಲ್ಕು ಪ್ಯಾನೆಲಿನ 36 ಆಂಪಿಯರ್ ಬ್ಯಾಟರಿಯ ನೀರನ್ನು ಕುದಿಸಿ ಒಣಗಿಸಿಬಿಡುತ್ತದೆ. ಒಂದರದ್ದಾದರೆ ನಿಧಾನ. ಯಾರಾದರೂ ನೋಡುವ ತನಕ ಸಮಯ ಸಿಗುತ್ತದೆ. ಇದು ನನ್ನ ಅಂಜುಬುರುಕುತನ ಅಂತ ಬೇಕಾದರೂ ಅನ್ನಿ. ಒಂದು ಮಾತು ಮಾತ್ರ: ನಿಮ್ಮ ಪ್ಯಾನೆಲ್ಲುಗಳು ಸಾಲಾಗಿ ಸೀರೀಸಿನಲ್ಲಿ ಇದ್ದರೆ ಒಂದನ್ನು ಬೇರೆ ಮಾಡಲು ಬರುವುದಿಲ್ಲ. ನಮ್ಮದರಂತೆ ಒಂದೊಂದಕ್ಕೂ ಬೇರೆ ಎಂಸಿಬಿ ಇದ್ದರೆ ಮಾತ್ರ ಇದು ಸುಲಭ.

ನಮ್ಮದು ಲಿಥಿಯಂ. ಇದೇ ಲೆಕ್ಕ ಅಲ್ವಾ?

ಅಲ್ಲ, ಪೂರ್ತಿ ಉಲ್ಟಾ. ಆಸಿಡ್ ಬ್ಯಾಟರಿಯನ್ನು ಹೊಟ್ಟೆ ತುಂಬಿಸಿ ಮಲಗಿಸಬೇಕು. ಲಿಥಿಯಂ ಐರನ್ ಫಾಸ್ಫೇಟನ್ನು ಅರ್ಧ ಹೊಟ್ಟೆಯಲ್ಲಿ ಮಲಗಿಸಬೇಕು. 50–60 ಪರ್ಸೆಂಟ್ ಚಾರ್ಜಿಗೆ ತಂದು, ಎಲ್ಲ ವೈರಿಂದ ಬೇರೆ ಮಾಡಿ, ಬ್ಯಾಟರಿಯ ಮೇಲೇ ಸ್ವಿಚ್ ಇದ್ದರೆ ಅದನ್ನೂ ಆಫ್ ಮಾಡಿ ಹೋಗಿ. ತಿಂಗಳಿಗೆ ಎರಡು ಮೂರು ಪರ್ಸೆಂಟ್ ಇಳಿಯಬಹುದು. ಆರು ತಿಂಗಳು ಆರಾಮ.

ಲಿಥಿಯಮ್ಮಿಗೆ ಸಲ್ಫೇಟ್ ಕಾಟ ಇಲ್ಲ. ಅದಕ್ಕೆ ಆಗದಿರುವುದು ಎರಡು. ತಿಂಗಳುಗಟ್ಟಲೆ 100 ಪರ್ಸೆಂಟಿನಲ್ಲಿ ತುಂಬಿಕೊಂಡು ಕೂರುವುದು ಒಂದು, ಪೂರ್ತಿ ತಳ ಕಾಣುವುದು ಇನ್ನೊಂದು. ಮೊದಲನೆಯದರಿಂದ ಆಯಸ್ಸು ನಿಧಾನ ಕಮ್ಮಿಯಾಗುತ್ತದೆ. ಎರಡನೆಯದು ಜಾಸ್ತಿ ಅಪಾಯ. ಬ್ಯಾಟರಿಯನ್ನು ಕಾಯುವ ಒಳಗಿನ ಬಿಎಂಎಸ್ ಬೋರ್ಡು ತನಗೆ ಬೇಕಾದ ಕರೆಂಟನ್ನು ಅದೇ ಬ್ಯಾಟರಿಯಿಂದ ತಿನ್ನುತ್ತದೆ. 10 ಪರ್ಸೆಂಟಿನಲ್ಲಿ ಬಿಟ್ಟು ಹೋದರೆ ಬಂದಾಗ ಬ್ಯಾಟರಿ ಮೀಟರಿಗೆ ಸೊನ್ನೆ ತೋರಿಸಬಹುದು. ಕೆಲವೊಮ್ಮೆ ಬಿಎಂಎಸ್ ಕಾಪಾಡಲೆಂದು ಬಾಗಿಲು ಹಾಕಿಕೊಂಡಿರುತ್ತದೆ ಅಷ್ಟೇ, ಚಾರ್ಜರ್ ಕೊಟ್ಟರೆ ಏಳುತ್ತದೆ. ಆದರೆ ಒಳಗಿನ ಸೆಲ್ಲೇ 2 ವೋಲ್ಟಿಗಿಂತ ಕೆಳಗೆ ಬಿದ್ದಿದ್ದರೆ ನೀವೇ ಚಾರ್ಜ್ ಮಾಡಲು ಹೋಗಬೇಡಿ, ಗೊತ್ತಿದ್ದವರಿಗೆ ಕೊಡಿ.

ನೀರು ಎಷ್ಟು ತುಂಬಬೇಕು? ಫಿಲ್ಟರ್ ನೀರು ಹಾಕಬಹುದಾ?

ಡಿಸ್ಟಿಲ್ಡ್ ವಾಟರ್ ಮಾತ್ರ. ಆರ್‌ಓ ಫಿಲ್ಟರಿನ ನೀರಿನಲ್ಲಿ ಇನ್ನೂ ಲವಣ ಇರುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರು ಒಳ್ಳೆಯದು ಅಂತ ಹೇಳುವವರಿದ್ದಾರೆ. ಅದು ತಾಮ್ರದ ಕೊಳವೆ, ಧೂಳು ಎಲ್ಲ ತೊಳೆದು ಬಂದ ನೀರು. ಮಳೆ ನೀರೂ ಬೇಡ, ಹೆಂಚಿನ ಪಾಚಿ ಅದರಲ್ಲಿರುತ್ತದೆ. ಐದು ಲೀಟರ್ ಕ್ಯಾನಿಗೆ ಕೊಡುವ ದುಡ್ಡು ಬ್ಯಾಟರಿಯ ಬೆಲೆ ಮುಂದೆ ಏನೂ ಅಲ್ಲ.

ಮೊದಲು ಪೂರ್ತಿ ಚಾರ್ಜ್, ಆಮೇಲೆ ನೀರು. ಖಾಲಿ ಬ್ಯಾಟರಿಗೆ ಮೇಲಿನ ಗೆರೆ ತನಕ ತುಂಬಿದರೆ ಚಾರ್ಜ್ ಆಗುವಾಗ ಮಟ್ಟ ಏರಿ ಆಸಿಡ್ ಹೊರಗೆ ಚೆಲ್ಲುತ್ತದೆ. ಆದರೆ ಪ್ಲೇಟ್ ಒಣಗಿ ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲೇ ಹಾಕಿ, ಚಾರ್ಜ್ ಮಾಡಿ, ಉಳಿದದ್ದು ಆಮೇಲೆ. ಆಸಿಡ್ ಮಾತ್ರ ಯಾವತ್ತೂ ಹಾಕಬೇಡಿ. ಆವಿಯಾಗುವುದು ನೀರು, ಆಸಿಡ್ ಅಲ್ಲೇ ಇರುತ್ತದೆ.

ಜೆಲ್ ಅಥವಾ ಎಜಿಎಂ ಥರದ ಸೀಲ್ಡ್ ಬ್ಯಾಟರಿಗೆ ಈ ಪ್ರಶ್ನೆಯೇ ಇಲ್ಲ, ಮುಚ್ಚಳ ತೆಗೆಯಲು ಹೋಗಬೇಡಿ. ನಮ್ಮ ಟ್ಯೂಬುಲಾರ್ ಬ್ಯಾಟರಿ ಮಾರಿದ ಅಂಗಡಿಯವರು "ಇದಕ್ಕೆ ಮೆಂಟೆನೆನ್ಸೇ ಬೇಡ ಸಾರ್" ಅಂದಿದ್ದರು. ಆರು ಮುಚ್ಚಳ, ಆರಕ್ಕೂ ನೀರಿನ ಮಟ್ಟ ತೋರಿಸುವ ಫ್ಲೋಟು! ಬೇಡದಿದ್ದರೆ ಅದನ್ನೆಲ್ಲ ಯಾಕೆ ಇಟ್ಟಿದ್ದಾರೆ ಅಂತ ಅವತ್ತು ಕೇಳಲು ಹೊಳೆಯಲಿಲ್ಲ.

ಪೂರ್ತಿ ಚಾರ್ಜ್ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಹಸಿರು ದೀಪ ಬಂದರೆ ಸಾಕಾ?

ಹಸಿರು ದೀಪದ ಕಥೆ ಮೇಲೆ ಹೇಳಿದೆನಲ್ಲ. ಅದನ್ನು ನಂಬಬೇಡಿ.

ಒಂದು ಮಲ್ಟಿಮೀಟರ್ ಕೊಳ್ಳಿ. ಬಿಸಿಲು ಬೀಳುವ ಮೊದಲು, ಲೋಡ್ ಎಲ್ಲ ತೆಗೆದು ಮೂರು ನಾಲ್ಕು ಗಂಟೆ ಕಳೆದ ಮೇಲೆ ಅಳೆಯಿರಿ. 12 ವೋಲ್ಟಿನ ಒಂದು ಟ್ಯೂಬುಲಾರ್ ಬ್ಯಾಟರಿ 12.6 ಅಥವಾ 12.7 ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12.0 ಅಂದರೆ ಕಾಲುಭಾಗ. 11.8ಕ್ಕಿಂತ ಕೆಳಗೆ ಹೋದರೆ ಖಾಲಿ ಅಂತಲೇ ತಿಳಿಯಿರಿ. ಒಂದು ವೋಲ್ಟಿನೊಳಗೇ ಇಡೀ ಕಥೆ ಇರುವುದರಿಂದ ಅಂದಾಜು ನಡೆಯುವುದಿಲ್ಲ. ಚಾರ್ಜ್ ಆಗುತ್ತಿರುವಾಗ ಅಳೆದರೆ 13, 14 ಬರುತ್ತದೆ. ಅದು ಬ್ಯಾಟರಿಯ ಮಾತಲ್ಲ, ಚಾರ್ಜರಿನ ಮಾತು.

ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಸಿಗುವ ಟ್ಯೂಬುಲಾರಿಗೆ 1240ರ ಹತ್ತಿರ ಬಂದರೆ ಪೂರ್ತಿ. ಆರೂ ಸೆಲ್ ನೋಡಿ. ಐದು 1240 ಇದ್ದು ಒಂದು 1200 ಇದ್ದರೆ ಆ ಸೆಲ್ಲಿಗೆ ಕಾಯಿಲೆ. ಬೀಗ ಹಾಕುವ ಮೊದಲೇ ಅದನ್ನು ಸರಿ ಮಾಡಿ, ಇಲ್ಲವಾದರೆ ಆ ಬ್ಯಾಟರಿಯನ್ನು ಸೆಟ್ಟಿಂದ ತೆಗೆಯಿರಿ. ಒಂದು ಸೆಲ್ಲು ಉಳಿದ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಹೊರಡುವುದಕ್ಕೆ ಒಂದು ವಾರ ಇರುವಾಗಲೇ ಇದೆಲ್ಲ ಶುರು ಮಾಡಿ. ಪೆಟ್ಟಿಗೆ ಕಟ್ಟುವ ದಿನ ಆಗುವ ಕೆಲಸ ಅಲ್ಲ.

ಕಂಟ್ರೋಲರಿನಲ್ಲಿ ಏನಾದರೂ ಬದಲಾಯಿಸಬೇಕಾ?

ಸೆಟ್ಟಿಂಗ್ ಬದಲಾಯಿಸಲು ಬರುವಂಥದ್ದಾದರೆ ಎರಡು ಕೆಲಸ. ಫ್ಲೋಟ್ ವೋಲ್ಟೇಜನ್ನು, ಅಂದರೆ ಬ್ಯಾಟರಿ ತುಂಬಿದ ಮೇಲೆ ಅದನ್ನು ಹಿಡಿದಿಡುವ ವೋಲ್ಟೇಜನ್ನು, ಸ್ವಲ್ಪ ಕೆಳಗಿಡಿ. 12 ವೋಲ್ಟಿನ ಆಸಿಡ್ ಬ್ಯಾಟರಿಗೆ ಇದು ಸಾಮಾನ್ಯವಾಗಿ 13.5ರಿಂದ 13.8 ಇರುತ್ತದೆ. ನಾನು 13.5 ಇಡುತ್ತೇನೆ. ನೀರು ಕಮ್ಮಿ ಆವಿಯಾಗುತ್ತದೆ. ನಿಮ್ಮ ಬ್ಯಾಟರಿ ಕಂಪನಿ ಬೇರೆ ಅಂಕಿ ಬರೆದಿದ್ದರೆ ಅದನ್ನೇ ಪಾಲಿಸಿ.

ಇನ್ನೊಂದು, ಈಕ್ವಲೈಸ್. ಕೆಲವು ಕಂಟ್ರೋಲರುಗಳು ತಿಂಗಳಿಗೊಮ್ಮೆ ತಾವೇ ವೋಲ್ಟೇಜ್ ಏರಿಸಿ ಬ್ಯಾಟರಿಯನ್ನು ಕುದಿಸುತ್ತವೆ. ತಳದಲ್ಲಿ ಕೂತ ಆಸಿಡ್ ಕಲಸಲು ಅದು ಬೇಕು, ಆದರೆ ನೀರು ಹಾಕುವವರಿಲ್ಲದಾಗ ಬೇಡ. ಹೊರಡುವ ಮೊದಲು ನೀವೇ ಒಮ್ಮೆ ಮಾಡಿ, ನೀರು ತುಂಬಿ, ಆ ಸೆಟ್ಟಿಂಗ್ ಆಫ್ ಮಾಡಿ. ಸೀಲ್ಡ್ ಬ್ಯಾಟರಿಗೆ ಈಕ್ವಲೈಸ್ ಮಾಡಲೇಬೇಡಿ.

ವೈರ್ ಬಿಚ್ಚುವಾಗ ಯಾವುದು ಮೊದಲು?

ಬಿಚ್ಚುವಾಗ ಪ್ಯಾನೆಲ್ ಮೊದಲು, ಬ್ಯಾಟರಿ ಆಮೇಲೆ. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಬ್ಯಾಟರಿ ಇಲ್ಲದೆ ಪ್ಯಾನೆಲಿನ ವೋಲ್ಟೇಜ್ ನೇರ ಕಂಟ್ರೋಲರಿಗೆ ಹೋದರೆ ಅದು ಸುಡಬಹುದು. ಬಿಸಿಲಿನಲ್ಲಿ ಪ್ಯಾನೆಲಿನ ಪಿನ್ನು ಎಳೆಯಬೇಡಿ. ಡಿಸಿ ಕಿಡಿ ಏಸಿಯಂತೆ ತಟ್ಟನೆ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ಎಂಸಿಬಿ ಇಳಿಸಿ, ಆಮೇಲೆ ಕೈ ಹಾಕಿ. ಆ ಎಂಸಿಬಿಯೂ ಡಿಸಿಗೆ ಅಂತಲೇ ಮಾಡಿದ್ದಿರಬೇಕು. ಕೈಯಲ್ಲಿ ಉಂಗುರ, ಬಳೆ, ಸ್ಟೀಲ್ ವಾಚು ಇದ್ದರೆ ತೆಗೆದಿಡಿ.

ಟರ್ಮಿನಲ್ ಮೇಲೆ ಬಿಳಿ ಹಸಿರು ಹಿಟ್ಟು ಕಟ್ಟಿದ್ದರೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೇ ಬ್ರಶ್ ಅದ್ದಿ ಉಜ್ಜಿ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಒರೆಸಿ, ನಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಮಳೆಗಾಲದಲ್ಲಿ ಪ್ಯಾನೆಲ್ ತಾನೇ ತೊಳೆದುಕೊಳ್ಳುತ್ತದೆ ಅಲ್ವಾ?

ಬಯಲುಸೀಮೆಯಲ್ಲಿ ಹೌದು. ಧೂಳು ಹೋಗುತ್ತದೆ. ನಮ್ಮಲ್ಲಿ ಮಳೆಯೇ ಕೊಳೆ ತರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ಸುತ್ತಿನ ಮನೆಗಳಲ್ಲಿ ಎರಡು ತಿಂಗಳಿಗೆ ಪ್ಯಾನೆಲಿನ ಕೆಳ ಅಂಚಿನಲ್ಲಿ ಪಾಚಿ ಪಟ್ಟಿ ಕಟ್ಟುತ್ತದೆ. ನಮ್ಮ ಅಕ್ಷಾಂಶಕ್ಕೆ ಪ್ಯಾನೆಲ್ 13–15 ಡಿಗ್ರಿ ಮಾತ್ರ ಓರೆಯಾಗಿರುತ್ತದೆ, ನೀರು ಕೆಳಗಿನ ಫ್ರೇಮಿನಲ್ಲಿ ನಿಲ್ಲುತ್ತದೆ. ಕೆಳಗಿನ ಒಂದು ಸಾಲು ಸೆಲ್ ಮುಚ್ಚಿದರೆ ಹೋಗುವುದು ಒಂದು ಸಾಲಿನ ಕರೆಂಟಲ್ಲ. ಪ್ಯಾನೆಲ್ ಕೂರಿಸಿದ ರೀತಿ ನೋಡಿಕೊಂಡು ಅರ್ಧ, ಕೆಲವೊಮ್ಮೆ ಹೆಚ್ಚುಕಮ್ಮಿ ಪೂರ್ತಿಯೇ ಹೋಗುತ್ತದೆ.

ಇನ್ನೊಂದು ನಮ್ಮ ಕಡೆಯವರಿಗೆ ಮಾತ್ರ ಗೊತ್ತಿರುವ ಕಾಟ. ಜೂನಿನಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಸುತ್ತೇವಲ್ಲ. ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಗಾಳಿಗೆ ಬಂದು ಪ್ಯಾನೆಲ್ ಮೇಲೆ ಕೂರುತ್ತದೆ. ಒಣಗಿದರೆ ನೀಲಿ ಬಿಳಿ ಕಲೆ. ಮಳೆಗೆ ಹೋಗುವುದಿಲ್ಲ, ಹೋಗದೇ ಇರಲಿ ಅಂತಲೇ ಅದನ್ನು ಹೊಡೆಯುವುದು! ನೀವಿಲ್ಲದಾಗ ತೋಟಕ್ಕೆ ಔಷಧಿ ಹೊಡೆಸುವ ಏರ್ಪಾಡು ಇದ್ದರೆ, ಆ ಎರಡು ದಿನ ಪ್ಯಾನೆಲಿಗೆ ಟಾರ್ಪಾಲ್ ಹಾಕಿ ಮತ್ತೆ ತೆಗೆಯಲು ಹೇಳಿ. "ಮತ್ತೆ ತೆಗೆಯಲು" ಅನ್ನುವುದನ್ನು ಎರಡು ಸಲ ಹೇಳಿ.

ಹೊರಡುವ ಮೊದಲು ಪ್ಯಾನೆಲ್ ಮೇಲೆ ಬಾಗಿದ ಕೊಂಬೆ ಕಡಿಸಿ. ಅಡಿಕೆ ಮರದ ಹಾಳೆ ಬೀಳುವ ಜಾಗವಾದರೆ ಅದನ್ನೂ ಯೋಚಿಸಿ. ಒಂದು ಹಾಳೆ ಅಡ್ಡ ಬಿದ್ದರೂ ನೀವು ಬಿಟ್ಟು ಹೋದ ಆ ಒಂದೇ ಪ್ಯಾನೆಲಿನ ಕೆಲಸ ನಿಂತಂತೆ. ಮೇಲೆ ಮರ ಇಲ್ಲದ ಪ್ಯಾನೆಲನ್ನೇ ಆರಿಸಿಕೊಳ್ಳಿ.

ಸಿಡಿಲಿಗೆ ಏನು ಮಾಡುವುದು? ಅದಕ್ಕಾದರೂ ಎಲ್ಲ ಬಿಚ್ಚಿ ಹೋಗುವುದು ವಾಸಿಯಲ್ವಾ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಕೆಟ್ಟದ್ದು. ಬಿಚ್ಚಿದರೆ ಸಿಡಿಲಿನ ಭಯ ಕಮ್ಮಿ, ಬ್ಯಾಟರಿಯ ಹಸಿವು ಜಾಸ್ತಿ. ಒಂದೆರಡು ತಿಂಗಳ ಮಟ್ಟಿಗೆ, ಬ್ಯಾಟರಿ ಹೊಸದಾಗಿದ್ದು ಪೂರ್ತಿ ತುಂಬಿದ್ದರೆ, ಎಲ್ಲ ಬಿಚ್ಚಿ ಹೋಗಬಹುದು. ಎರಡು ತಿಂಗಳಿಗೆ 10 ಪರ್ಸೆಂಟ್ ಹೋದರೆ ಬ್ಯಾಟರಿ ತಡೆದುಕೊಳ್ಳುತ್ತದೆ. ಆರು ತಿಂಗಳಾದರೆ ಬೇಡ.

ಸಿಡಿಲಿಗೆ ತಟ್ಟನೆ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದರ ಕಿಟಕಿ ಹಸಿರಿದೆಯಾ ನೋಡಿ, ಕೆಂಪಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ, ಎರಡು ಕೊಡ ನೀರು ಹೊಯ್ದು ಹೋಗಿ. ನೇರ ಸಿಡಿಲು ಬಡಿದರೆ ಇದ್ಯಾವುದೂ ಕಾಯುವುದಿಲ್ಲ. ದೂರದ ಸಿಡಿಲಿಗೆ ಸಾಕು, ಬರುವುದೂ ಅದೇ ಜಾಸ್ತಿ.

ಇಲಿ, ಹಲ್ಲಿ, ಇರುವೆ?

ಇನ್ವರ್ಟರ್ ರಿಪೇರಿ ಮಾಡುವವರನ್ನು ಕೇಳಿ ನೋಡಿ. ಬಿಚ್ಚಿದ ಬೋರ್ಡಿನ ಮೇಲೆ ಸುಟ್ಟು ಒಣಗಿದ ಹಲ್ಲಿ ಸಿಗದ ಮಳೆಗಾಲವೇ ಇಲ್ಲ ಅನ್ನುತ್ತಾರೆ. ಬೆಚ್ಚಗಿರುತ್ತದೆ ಅಂತ ಒಳಗೆ ಹೋಗುತ್ತವೆ. ಗಾಳಿ ಕಿಂಡಿಗೆ ಸಣ್ಣ ಸೊಳ್ಳೆ ಜಾಲರಿ ಕಟ್ಟಿ. ಬಟ್ಟೆ ಹೊದಿಸಿ ಮುಚ್ಚಬೇಡಿ. ವೈರ್ ಗೋಡೆ ದಾಟುವ ತೂತಿಗೆ ಸಿಮೆಂಟ್ ತುಂಬಿಸಿ, ಇಲಿ ಬರುವುದೇ ಅಲ್ಲಿಂದ. ಪ್ಯಾನೆಲ್ ಅಡಿ ಕಣಜ ಗೂಡು ಕಟ್ಟಿರುತ್ತದೆ. ವಾಪಸ್ ಬಂದವರೇ ಮಾಡು ಹತ್ತಬೇಡಿ, ಮೊದಲು ಕೆಳಗಿಂದ ನೋಡಿ.

ಬ್ಯಾಟರಿ ಸಿಮೆಂಟ್ ನೆಲದ ಮೇಲಿದ್ದರೆ ಚಾರ್ಜ್ ಇಳಿಯುತ್ತದಂತೆ, ಹೌದಾ?

ಇಲ್ಲ. ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ನೆಲ ಯಾವುದಾದರೂ ಒಂದೇ. ಆದರೂ ಮರದ ಮಣೆ ಹಾಕಿ ಎತ್ತರಕ್ಕಿಡಿ. ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ. ಹಸಿ, ಧೂಳು ಸೇರಿ ಬ್ಯಾಟರಿಯ ಮೈ ಮೇಲೆಯೇ ಸಣ್ಣದಾಗಿ ಕರೆಂಟು ಹರಿಯುತ್ತದೆ. ಮೇಲ್ಭಾಗ ಒಣಗಿದ್ದು ಸ್ವಚ್ಛವಾಗಿದ್ದರೆ ಸಾಕು.

ಬ್ಯಾಟರಿಯನ್ನೇ ನೆಂಟರ ಮನೆಗೆ ಸಾಗಿಸಿದರೆ?

150 ಆಂಪಿಯರಿನದ್ದು ಒಂದೊಂದೂ 50 ಕೆಜಿ ದಾಟುತ್ತದೆ, ಓರೆಯಾದರೆ ಆಸಿಡ್ ಚೆಲ್ಲುತ್ತದೆ. ಜೀಪಿನಲ್ಲಿ ಘಟ್ಟದ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗುವುದಕ್ಕಿಂತ ನೆಂಟರನ್ನೇ ತಿಂಗಳಿಗೊಮ್ಮೆ ಕರೆಸುವುದು ಸುಲಭ.

ಯಾರಿಗೆ ಹೇಳಿ ಹೋಗುವುದು? ಏನು ಹೇಳುವುದು?

ಇದೇ ಎಲ್ಲಕ್ಕಿಂತ ಮುಖ್ಯ. ಯಾವ ಯಂತ್ರಕ್ಕಿಂತ ತಿಂಗಳಿಗೊಮ್ಮೆ ಬಂದು ನೋಡುವ ಒಬ್ಬ ಮನುಷ್ಯ ಮೇಲು. ನನ್ನ ಬ್ಯಾಟರಿ ಸತ್ತದ್ದು ಒಂದು ಎಂಸಿಬಿ ಇಳಿದಿದ್ದಕ್ಕೆ. ಬೆರಳಲ್ಲಿ ಎತ್ತಿದ್ದರೆ ಮುಗಿದಿತ್ತು. ನಾಲ್ಕು ತಿಂಗಳಲ್ಲಿ ಯಾರೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಯಾಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ. ತೋಟ ನೋಡಿಕೊಳ್ಳಿ, ನಾಯಿಗೆ ಅನ್ನ ಹಾಕಿ ಅಂತೆಲ್ಲ ಹೇಳಿದ್ದೆ.

ನಂಬಿಕೆಯ ನೆರೆಮನೆಯವರಿಗೆ ಬ್ಯಾಟರಿ ಕೋಣೆಯ ಕೀಲಿ ಕೊಡಿ. ಜಾಸ್ತಿ ಕಲಿಸಲು ಹೋಗಬೇಡಿ, ಅವರಿಗೆ ಗೊಂದಲ. ನಮ್ಮ ಗೋಡೆಗೆ ನಾನು ಅಂಟಿಸಿದ ಚೀಟಿ ಹೀಗಿದೆ: "ಬೆಳಿಗ್ಗೆ ಬಿಸಿಲು ಬರುವ ಮೊದಲು ಬನ್ನಿ. ಡಿಸ್‌ಪ್ಲೇ ನೋಡಿ. 25ಕ್ಕಿಂತ ಮೇಲಿದ್ದರೆ ಒಳ್ಳೆಯದು. ಕೆಳಗಿದ್ದರೆ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಎಂಸಿಬಿಗೆ ಪೇಂಟ್ ಗುರುತು ಹಾಕಿದ್ದೇನೆ, ಗುರುತು ಇರುವುದು ಮೇಲಿರಬೇಕು, ಉಳಿದದ್ದು ಕೆಳಗಿರಬೇಕು. ಬ್ಯಾಟರಿ ಮುಟ್ಟಿ ನೋಡಿ, ಬಿಸಿ ಇದ್ದರೆ ಗುರುತಿನದ್ದನ್ನೂ ಇಳಿಸಿ ಫೋನ್ ಮಾಡಿ. ಬೀಡಿ ಹಚ್ಚಬೇಡಿ." ಗೋಡೆಯ ಕ್ಯಾಲೆಂಡರಿನಲ್ಲಿ ಬಂದ ದಿನ ವೋಲ್ಟ್ ಬರೆದು ಹೋಗಲು ಹೇಳಿದ್ದೇನೆ. 25.4, 25.3, 25.4 ಅಂತ ಸಾಲಾಗಿ ಬರೆದಿದ್ದನ್ನು ನೋಡಿದರೆ ಜೀವಕ್ಕೆ ತಂಪು.

ಮೊಬೈಲಿನಲ್ಲೇ ನೋಡುವ ವೈಫೈ ಕಂಟ್ರೋಲರ್ ಇದೆಯಲ್ಲ?

ಇದೆ. ನೆಟ್‌ವರ್ಕ್ ಇರುವ ಊರಿಗೆ ಒಳ್ಳೆಯದು. ನಮ್ಮಲ್ಲಿ ಫೋನ್ ಮಾಡಬೇಕಾದರೆ ಗುಡ್ಡ ಹತ್ತಬೇಕು. ನೆಟ್ ಇದ್ದರೂ ಒಂದು ಮಾತು ಯೋಚಿಸಿ: ನ್ಯೂಜೆರ್ಸಿಯಲ್ಲಿ ಕೂತು ವೋಲ್ಟ್ ಇಳಿಯುವುದನ್ನು ನೋಡಬಹುದು, ಎಂಸಿಬಿ ಎತ್ತಲು ಆಗುವುದಿಲ್ಲ.

ತೊರೆಗೆ ಕೂರಿಸಿದ ಚಿಕ್ಕ ಟರ್ಬೈನೂ ಇದೇ ಬ್ಯಾಟರಿಗೆ ಸೇರಿದೆ. ಮಳೆಗಾಲದಲ್ಲಿ ಅದನ್ನೇ ಬಿಡಬಹುದಾ?

ಬಿಡಬೇಡಿ, ನೀರು ತಿರುಗಿಸಿ ನಿಲ್ಲಿಸಿ. ಟರ್ಬೈನ್ ರಾತ್ರಿಯೂ ತಿರುಗುತ್ತದೆ. ಮಿಕ್ಕಿದ ಕರೆಂಟು ಸುಡಲು ಹೀಟರ್ ಕಾಯಿಲ್ ಬೇಕು. ಅದು ಕೆಟ್ಟರೆ ಟರ್ಬೈನ್ ಹುಚ್ಚೆದ್ದು ಓಡುತ್ತದೆ. ಕಸ ಕಟ್ಟಿ ನಿಲ್ಲುವುದು ಬೇರೆ. ಅದು ಮನೆಯಲ್ಲಿ ಜನ ಇರುವಾಗಿನ ಸಾಧನ.

ನಮ್ಮದು ಬ್ಯಾಟರಿ ಇಲ್ಲದ, ಲೈನಿಗೆ ಸೇರಿದ ಸೋಲಾರ್. ನಾವೇನು ಮಾಡಬೇಕು?

ಏನೂ ಬೇಡ. ಆನ್ ಇಟ್ಟು ಹೋಗಿ. ತಯಾರಾದದ್ದು ಲೈನಿಗೆ ಹೋಗಿ ನಿಮ್ಮ ಬಿಲ್ಲಿಗೆ ಜಮೆಯಾಗುತ್ತದೆ.

ವಾಪಸ್ ಬಂದ ದಿನ ಮೊದಲು ಏನು ಮಾಡಬೇಕು?

ಕಿಟಕಿ ತೆರೆಯಿರಿ. ಚಾರ್ಜ್ ಆಗುವಾಗ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೀಗ ಹಾಕಿದ ಕೋಣೆಗೂ ಒಂದು ಗಾಳಿ ಕಿಂಡಿ ಇರಲೇಬೇಕು. ಹತ್ತು ನಿಮಿಷ ಬಿಟ್ಟು ಒಳಗೆ ಹೋಗಿ. ಹೊಟ್ಟೆ ಉಬ್ಬಿದ ಬ್ಯಾಟರಿ ಇದೆಯಾ, ಆಸಿಡ್ ಸೋರಿದೆಯಾ ನೋಡಿ. ಒಂದೊಂದರ ವೋಲ್ಟ್ ಬೇರೆ ಬೇರೆಯಾಗಿ ಅಳೆದು ಬರೆದಿಡಿ. ನೀರು ನೋಡಿ. ಆಮೇಲೆ ಎಲ್ಲ ಪ್ಯಾನೆಲ್ ಆನ್.

ಮೊದಲ ಎರಡು ದಿನ ಮಿಕ್ಸಿ, ಪಂಪು, ವಾಷಿಂಗ್ ಮಷಿನ್ ಬೇಡ. ಇದು ನನ್ನ ಹೆಂಡತಿಗೆ ಒಪ್ಪಿಗೆಯಿಲ್ಲದ ಸಲಹೆ. ಐದು ತಿಂಗಳ ಮುಗ್ಗಲು ಬಟ್ಟೆ ಒಗೆಯುವುದು ಯಾರು ಅಂತ ಅವಳ ಪ್ರಶ್ನೆ. ಕಲ್ಲಿದೆಯಲ್ಲ ಅಂದೆ. ಆ ಮಾತು ಅಲ್ಲಿಗೆ ನಿಂತಿತು.

ಬ್ಯಾಟರಿ ಸತ್ತಿದೆ. ಪೌಡರ್ ಹಾಕಿ ಎಬ್ಬಿಸುತ್ತೇವೆ ಅನ್ನುತ್ತಾರೆ. ನಂಬಬಹುದಾ?

ನಾನು ನಂಬುವುದಿಲ್ಲ. ಎಬ್ಬಿಸಲು ಇರುವ ದಾರಿ ನಿಧಾನದ ಚಾರ್ಜ್ ಒಂದೇ. 150 ಆಂಪಿಯರಿನ ಬ್ಯಾಟರಿಗೆ 7–8 ಆಂಪಿಯರ್, ಒಂದು ದಿನಕ್ಕೂ ಜಾಸ್ತಿ ಹೊತ್ತು. ಒಂದೊಂದನ್ನೇ ಬೇರೆಯಾಗಿ ಮಾಡಬೇಕು. ಮುಟ್ಟಿದರೆ ಬಿಸಿ ಅನಿಸಿದರೆ ನಿಲ್ಲಿಸಿ, ತಣಿಸಿ, ಮತ್ತೆ ಶುರು. ಆಮೇಲೆ ಹೈಡ್ರೋಮೀಟರ್. ಆರೂ ಸೆಲ್ ಮೇಲೆ ಬಂದರೆ ಬದುಕಿತು. ಒಂದು ಸೆಲ್ ಮಾತ್ರ ಏಳದೆ ಮೊಂಡು ಹಿಡಿದರೆ ಅದರ ಹಿಂದೆ ದುಡ್ಡು ಸುರಿಯಬೇಡಿ.

ಸತ್ತ ಎರಡನ್ನು ಮಾತ್ರ ಹೊಸದು ಹಾಕಿದರೆ ಸಾಲದಾ?

ನಾನೂ ಅದನ್ನೇ ಮಾಡಿದೆ. ದುಡ್ಡು ಉಳಿಯಿತು ಅಂದುಕೊಂಡೆ. ಹಳೆಯದು ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಹೊಸದಕ್ಕೆ ಯಾವತ್ತೂ ಪೂರ್ತಿ ಚಾರ್ಜ್ ಸಿಗುವುದಿಲ್ಲ. ಒಂದೂವರೆ ವರ್ಷಕ್ಕೆ ಹೊಸ ಎರಡೂ ಹಳೆಯದರ ಚಾಳಿ ಕಲಿತವು. ಮೇಲೆ ಹೇಳಿದ 50 ಸಾವಿರ ಹೋದದ್ದು ಆಮೇಲೆ. ಹಾಕುವುದಾದರೆ ನಾಲ್ಕೂ ಒಟ್ಟಿಗೆ, ಒಂದೇ ಕಂಪನಿಯದ್ದು, ಒಂದೇ ತಿಂಗಳಲ್ಲಿ ತಯಾರಾದದ್ದು.

ಹಳೇ ಬ್ಯಾಟರಿ ಏನು ಮಾಡುವುದು?

ಗುಜರಿಯವನಿಗೆ ಕೊಡಬೇಡಿ. ಆಸಿಡ್ಡನ್ನು ತೋಡಿಗೆ ಸುರಿದು ಸೀಸ ಕೊಂಡೊಯ್ಯುವವರಿದ್ದಾರೆ, ಆ ತೋಡಿನ ನೀರು ಕೆಳಗಿನ ತೋಟಕ್ಕೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಡಿ, ಬೆಲೆಯಲ್ಲಿ ಅಷ್ಟು ಮುರಿದುಕೊಳ್ಳುತ್ತಾರೆ. ಬಿಲ್ಲಿನಲ್ಲಿ ಹಳೆಯದರ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ಹೊಸ ಬ್ಯಾಟರಿಯ ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಬಿದ್ದಿದೆಯಾ ನೋಡಿ, ಅಲ್ಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಮನೆಯ ಕಾರ್ಡನ್ನು ಗೆದ್ದಲು ತಿಂದಿತ್ತು.